ಡಬ್ಬಿಯೊಳಗಿನ ವೈರು

ಬೇಸಿಗೆ ಏರುತ್ತಿದ್ದಂತೆ ಹಾಸನ ಜಿಲ್ಲೆಯ ಅರಕಲಗೂಡಿನ ಮೋಟರು ವೈಂಡಿಂಗ್ ಅಂಗಡಿಗಳ ಮುಂದೆ ಸುಟ್ಟ ಮೋಟರುಗಳು ಸಾಲುಗಟ್ಟುತ್ತವೆ. ಶುಂಠಿ ಆಗಷ್ಟೇ ನೆಲ ಸೇರಿರುತ್ತದೆ. ತಂಬಾಕಿನ ಸಸಿಮಡಿಗೆ ನೀರು ತಪ್ಪಿಸುವಂತಿಲ್ಲ. ತೆಂಗು, ಅಡಿಕೆ ಬಾಯಾರಿ ನಿಂತಿರುತ್ತವೆ. ಇಂಥ ಹೊತ್ತಿನಲ್ಲೇ ಬೋರ್‌ವೆಲ್ ಮೋಟರು ಕೈಕೊಟ್ಟರೆ ನೂರಾರು ಅಡಿ ಪೈಪು ಎತ್ತಿಸಬೇಕು, ವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. "ಮೋಟ್ರು ಸುಟ್ಟೋಯ್ತು ಕಣಣ್ಣ, ಕರೆಂಟೇ ಸರಿ ಇಲ್ಲ" ಎಂಬ ಮಾತು ದೊಡ್ಡಮಗ್ಗೆಯಿಂದ ಕೊಣನೂರಿನವರೆಗೆ ಒಂದೇ ಧಾಟಿಯಲ್ಲಿ ಕೇಳುತ್ತದೆ. ವೋಲ್ಟೇಜು ಇರಲಿಲ್ಲ, ಒಂದು ಫೇಸ್ ಹೋಗಿತ್ತು, ನೀರು ಬತ್ತಿ ಮೋಟರು ಬರಿದೇ ಓಡಿತು: ಕಾರಣ ಕೇಳಿದರೆ ಇಷ್ಟು ಹೇಳಿ ಸುಮ್ಮನಾಗುತ್ತಾರೆ.

ಮೂರೂ ನಿಜವಾದ ಕಾರಣಗಳೇ. ಆದರೆ ಪಂಪ್‌ಹೌಸಿನ ಗೋಡೆಗೆ ತಗುಲಿಕೊಂಡಿರುವ ಸ್ಟಾರ್ಟರ್ ಡಬ್ಬಿಯ ಮುಚ್ಚಳ ತೆಗೆದು ಒಳಗಿನ ವೈರುಗಳನ್ನು ನೋಡುವವರು ಕಡಿಮೆ. ನೋಡಿದರೆ ಎಷ್ಟೋ ಸಲ ನಾಲ್ಕನೆಯ ಕಾರಣ ಅಲ್ಲೇ ಕೂತಿರುತ್ತದೆ. ಒಂದು ಸ್ಕ್ರೂವಿನ ಅಡಿಯಲ್ಲಿ ಕಪ್ಪಾದ ತುದಿ, ಬಿರುಕುಬಿಟ್ಟ ಪ್ಲಾಸ್ಟಿಕ್ ಹೊದಿಕೆ, ಇಲಿ ಕಡಿದ ಗುರುತು, ಯಾವತ್ತೋ ಕೈಗೆ ಸಿಕ್ಕ ಟೇಪು ಸುತ್ತಿದ ಗಂಟು.

ಉಪಕರಣಗಳ ಒಳಗೆ ಒಂದು ಬಿಡಿಭಾಗದಿಂದ ಇನ್ನೊಂದಕ್ಕೆ ಕರೆಂಟು ಒಯ್ಯುವ, ಪ್ಲಾಸ್ಟಿಕ್ ಹೊದಿಸಿದ ಈ ತೆಳ್ಳನೆಯ ತಾಮ್ರದ ವೈರಿಗೆ ಕಂಪನಿಗಳ ಪಟ್ಟಿಯಲ್ಲಿ ಹುಕ್-ಅಪ್ ವೈರ್ ಎಂದು ಹೆಸರು. ಪ್ಯಾನೆಲ್ ಬೋರ್ಡ್ ಕಟ್ಟುವವರು ಕಂಟ್ರೋಲ್ ವೈರ್ ಅನ್ನುತ್ತಾರೆ. ಮೋಟರು ಕೊಳ್ಳುವಾಗ ಎಷ್ಟು ಎಚ್‌ಪಿ, ಎಷ್ಟು ಸ್ಟೇಜ್, ಯಾವ ಕಂಪನಿ ಎಂದು ಹತ್ತು ಸಲ ವಿಚಾರಿಸುವ ರೈತ ಸ್ಟಾರ್ಟರಿನ ಒಳಗೆ ಯಾವ ವೈರು ಹಾಕಿದ್ದಾರೆಂದು ಕೇಳುವುದಿಲ್ಲ. ಕೇಳಿದರೆ ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಮಿಕ್ಸಿ, ಗೀಸರ್, ಯುಪಿಎಸ್, ಹಾಲು ಕರೆಯುವ ಯಂತ್ರ, ಎಲ್ಲದರ ಕಥೆಯೂ ಹೀಗೇ. ನಾವು ದುಡ್ಡು ಕೊಟ್ಟು ಕೊಂಡರೂ ಆರಿಸುವ ಅಧಿಕಾರ ನಮಗಿಲ್ಲದ ಸಾಮಾನು ಇದು.

ಕಡಕಡ ಸದ್ದಿನ ಹಿಂದೆ

ಐದು ಎಚ್‌ಪಿ ಮೋಟರಿನ ಡಿಓಎಲ್ (ಮೋಟರನ್ನು ನೇರವಾಗಿ ಲೈನಿಗೆ ಕೂಡಿಸುವ) ಸ್ಟಾರ್ಟರನ್ನೇ ತೆಗೆದುಕೊಳ್ಳೋಣ. ಡಬ್ಬಿಯೊಳಗೆ ಎರಡು ಬಗೆಯ ವೈರುಗಳಿರುತ್ತವೆ. ಮೂರು ಫೇಸನ್ನು ಕಂಟ್ಯಾಕ್ಟರ್ ಎಂಬ ವಿದ್ಯುತ್ಕಾಂತದ ಸ್ವಿಚ್ಚಿನ ಮೂಲಕ ಮೋಟರಿಗೆ ತಲುಪಿಸುವ ದಪ್ಪ ವೈರು ಒಂದು ಬಗೆ. ಅದರಲ್ಲಿ ಹತ್ತು ಆಂಪಿಯರ್ ಆಸುಪಾಸು ಹರಿಯುತ್ತದೆ. ಇನ್ನೊಂದು ಹಸಿರು ಗುಂಡಿ, ಕೆಂಪು ಗುಂಡಿ, ಓವರ್‌ಲೋಡ್ ರಿಲೇ ಹಾಗೂ ಕಂಟ್ಯಾಕ್ಟರನ್ನು ಎಳೆದು ಹಿಡಿಯುವ ಕಾಯಿಲನ್ನು ಪೋಣಿಸುವ ಸಣ್ಣ ವೈರು. ಕಾಯಿಲು ಒಮ್ಮೆ ಎಳೆದುಕೊಂಡ ಮೇಲೆ ಆ ಸಣ್ಣ ವೈರಿನಲ್ಲಿ ಒಂದು ಆಂಪಿಯರಿನ ಹತ್ತನೆಯ ಒಂದು ಭಾಗವೂ ಹರಿಯುವುದಿಲ್ಲ. ಅಷ್ಟು ಕಡಿಮೆ ಕರೆಂಟಿನ ವೈರು ಸುಡುವುದಿಲ್ಲ, ನಿಜ. ಆದರೆ ಮೋಟರನ್ನು ಸುಡಿಸಬಲ್ಲದು.

ಹೇಗೆಂದರೆ, ಕಾಯಿಲಿಗೆ ಹೋಗುವ ಆ ವೈರಿನ ತುದಿ ಸ್ಕ್ರೂವಿನ ಅಡಿಯಲ್ಲಿ ಸಡಿಲವಾಯಿತೆನ್ನಿ. ಮೋಟರು ಶುರುವಾದಾಗ ಡಬ್ಬಿ ಅದುರುತ್ತದೆ, ತುದಿ ಮುಟ್ಟಿ ಬಿಟ್ಟು ಮಾಡುತ್ತದೆ. ಕಾಯಿಲು ಹಿಡಿದು ಬಿಡುತ್ತದೆ. ಹೊರಗೆ ನಿಂತವರಿಗೆ ಕಂಟ್ಯಾಕ್ಟರಿನ ಕಡಕಡ ಸದ್ದು ಕೇಳುತ್ತದೆ. ಆ ಒಂದೊಂದು ಕಡಕ್‌ಗೂ ದೊಡ್ಡ ಕಂಟ್ಯಾಕ್ಟುಗಳು ಪೂರ್ತಿ ಸ್ಟಾರ್ಟಿಂಗ್ ಕರೆಂಟನ್ನು, ಅಂದರೆ ಮಾಮೂಲಿನ ಐದಾರು ಪಟ್ಟು ಕರೆಂಟನ್ನು ಕೂಡಿಸಿ ಕತ್ತರಿಸುತ್ತಿರುತ್ತವೆ. ಕಿಡಿ ಹಾರುತ್ತದೆ, ಮೂರರಲ್ಲಿ ಒಂದು ಜೊತೆ ಕಂಟ್ಯಾಕ್ಟು ಗುಳಿಬಿದ್ದು ಕಪ್ಪಾಗುತ್ತದೆ. ಕೊನೆಗೊಂದು ದಿನ ಆ ಫೇಸ್ ದಾಟುವುದೇ ಇಲ್ಲ. ಆಗ ಕಂಬದಲ್ಲಿ ಮೂರು ಫೇಸೂ ಸರಿಯಾಗಿರುತ್ತವೆ, ಮೋಟರಿಗೆ ಎರಡೇ ಸಿಗುತ್ತವೆ. ಉಳಿದ ಎರಡು ಫೇಸಿನಲ್ಲಿ ಕರೆಂಟು ಸುಮಾರು 1.73 ಪಟ್ಟು ಏರುತ್ತದೆ. ಅಷ್ಟು ಹೊತ್ತಿಗೆ ಓವರ್‌ಲೋಡ್ ರಿಲೇ ಜಿಗಿದು ಮೋಟರನ್ನು ನಿಲ್ಲಿಸಬೇಕು. ಪದೇ ಪದೇ ಜಿಗಿದು ಕಾಟ ಕೊಡುತ್ತದೆಂದು ಅದನ್ನು ಹೆಚ್ಚಿನ ಅಂಕಿಗೆ ತಿರುಗಿಸಿಟ್ಟಿದ್ದರೆ ಅಥವಾ ವೈರಿನ ತುಂಡು ಹಾಕಿ ದಾಟಿಸಿದ್ದರೆ, ಹುಡುಕಲು ಬೇರೆ ಅಪರಾಧಿ ಬೇಡ.

ಇದಕ್ಕೆ ವಿರುದ್ಧದ ತೊಂದರೆಯೂ ಉಂಟು. ಕಿಡಿಯ ಶಾಖಕ್ಕೆ ಕಂಟ್ಯಾಕ್ಟುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೆಂಪು ಗುಂಡಿ ಎಷ್ಟು ಒತ್ತಿದರೂ ಮೋಟರು ನಿಲ್ಲುವುದಿಲ್ಲ. ರಾತ್ರಿ ಪಾಳಿಯ ಮೂರು ಫೇಸ್ ಬಂದಾಗ ತನ್ನಷ್ಟಕ್ಕೇ ಶುರುವಾಗಲೆಂದು ಆಟೋ ಸ್ಟಾರ್ಟರ್ ಹಾಕಿಸಿಕೊಂಡವರ ಮೋಟರು ಹೀಗೆ ಬೆಸೆದುಕೊಂಡರೆ ಬೆಳಗಿನ ತನಕ ಕೇಳುವವರಿರುವುದಿಲ್ಲ.

ದಪ್ಪ ವೈರಿನ ತುದಿ ಸಡಿಲವಾದರೆ ಲೆಕ್ಕ ಇನ್ನೂ ನೇರ. ಒಂದು ಸ್ಕ್ರೂವಿನ ಕೆಳಗೆ 0.2 ಓಮ್ ತಡೆ ಹುಟ್ಟಿತು ಎಂದುಕೊಳ್ಳಿ. ಹತ್ತು ಆಂಪಿಯರ್ ಹರಿದಾಗ ಅಲ್ಲಿ ಕಳೆದುಹೋಗುವುದು ಎರಡೇ ವೋಲ್ಟು. 415 ವೋಲ್ಟಿನಲ್ಲಿ ಎರಡು ವೋಲ್ಟು ಕಡಿಮೆಯಾದದ್ದು ಡಬ್ಬಿಯ ಮೇಲಿನ ವೋಲ್ಟ್‌ಮೀಟರಿನಲ್ಲಿ ಕಾಣುವುದೇ ಇಲ್ಲ. ಆದರೆ ಆ ಸ್ಕ್ರೂವಿನ ತಲೆಯಲ್ಲಿ 20 ವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ನು 25 ವ್ಯಾಟಿನದು. ಅದರಿಂದ ಸೀಸ ಕರಗುತ್ತದೆ. ಮೋಟರು ಶುರುವಾಗುವ ಕ್ಷಣದಲ್ಲಿ ಅರವತ್ತು ಆಂಪಿಯರ್ ಹರಿದರೆ ಅದೇ ಜಾಗದಲ್ಲಿ 720 ವ್ಯಾಟ್. ಕರೆಂಟು ಆರು ಪಟ್ಟಾದರೆ ಶಾಖ ಮೂವತ್ತಾರು ಪಟ್ಟಾಗುತ್ತದೆ. ಶಾಖಕ್ಕೆ ತಾಮ್ರದ ಮೈ ಕಪ್ಪಾಗುತ್ತದೆ, ಕಪ್ಪಾದಷ್ಟೂ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಷ್ಟೂ ಶಾಖ. ಈ ಸುತ್ತು ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ.

ಹೊರಗೆ ಬತ್ತಲೆ, ಒಳಗೆ ಹೊದಿಕೆ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ದೂರ ವಿದ್ಯುತ್ ಹರಿಸಿದ ಸಾಲಿನಿಂದ ಹಿಡಿದು ಇವತ್ತು ಮಲ್ಲಿಪಟ್ಟಣದ ಹೊಲಗಳ ಮೇಲೆ ಹಾದುಹೋಗುವ ಸೆಸ್ಕ್ ಲೈನಿನವರೆಗೆ (ಹೆಸರು ಎಷ್ಟು ಸಲ ಬದಲಾದರೂ ಊರವರ ಬಾಯಲ್ಲಿ ಅದು ಕೆಇಬಿ ಲೈನೇ) ಕಂಬದ ಮೇಲಿನ ತಂತಿಗೆ ಹೊದಿಕೆ ಇಲ್ಲ. ಅಲ್ಲಿ ಗಾಳಿಯೇ ಹೊದಿಕೆ, ಪಿಂಗಾಣಿಯೇ ಆಸರೆ. ತಂತಿ ತಂತಿಗೆ ಮಾರುದ್ದ ಅಂತರ ಕೊಟ್ಟರಾಯಿತು. ಡಬ್ಬಿಯೊಳಗೆ ಆ ಐಷಾರಾಮವಿಲ್ಲ. ಮೂರು ಫೇಸು, ಅರ್ಥಿಂಗು, ತಗಡಿನ ಮೈ, ಎಲ್ಲವೂ ಬೆರಳಗಲದಲ್ಲಿ ಕೂಡಿಬಾಳಬೇಕು. ಹಾಗಾಗಿ ಒಂದೊಂದು ವೈರೂ ತನ್ನ ರಕ್ಷಣೆಯನ್ನು ತಾನೇ ಹೊದ್ದು ಬರಬೇಕು.

ಕಂಬದ ಮೇಲೆ ಅಲ್ಯೂಮಿನಿಯಂ ನಡೆಯುತ್ತದೆ, ಒಳಗೆ ತಾಮ್ರವೇ ಬೇಕು ಅನ್ನುವುದಕ್ಕೂ ಕಾರಣವಿದೆ. ಕರೆಂಟು ಒಯ್ಯುವ ಶಕ್ತಿಯಲ್ಲಿ ಅಲ್ಯೂಮಿನಿಯಂ ತಾಮ್ರದ ಶೇ 61ರಷ್ಟು, ಆದರೆ ಬಹಳ ಹಗುರ. ದೂರದ ಲೈನಿಗೆ ಆ ಹಗುರವೇ ಲಾಭ. ಡಬ್ಬಿಯೊಳಗೆ ತೂಕ ಯಾರಿಗೂ ಹೊರೆಯಲ್ಲ, ಜಾಗವೇ ಹೊರೆ. ಅದಕ್ಕಿಂತ ಮುಖ್ಯವಾಗಿ, ಅಲ್ಯೂಮಿನಿಯಂ ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಹರಿದು ತೆಳುವಾಗುತ್ತದೆ. ಇವತ್ತು ಬಿಗಿಯಾಗಿದ್ದದ್ದು ಮುಂದಿನ ವರ್ಷ ಸಡಿಲ. ಗಾಳಿಗೆ ತೆರೆದ ಅದರ ಮೈಮೇಲೆ ಕೂಡಲೇ ಕಟ್ಟುವ ಪೊರೆ ಕರೆಂಟು ಬಿಡುವುದಿಲ್ಲ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ.

ತಾಮ್ರ ನಮ್ಮ ಜಿಲ್ಲೆಗೆ ಪರಕೀಯವೇನಲ್ಲ. ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲಿ ತಾಮ್ರದ ಅದಿರಿತ್ತು, ಗಣಿಯೂ ನಡೆದು ನಿಂತಿತು. ಚಿತ್ರದುರ್ಗದ ಇಂಗಳದಾಳದ್ದೂ ಅದೇ ಕಥೆ. ಈಗ ನಮ್ಮ ವೈರಿನ ತಾಮ್ರ ದೂರದ್ದು. 2018ರಲ್ಲಿ ತೂತ್ತುಕುಡಿಯ ದೊಡ್ಡ ಕುಲುಮೆ ಮುಚ್ಚಿದ ಮೇಲೆ ದೇಶವೇ ಶುದ್ಧ ತಾಮ್ರವನ್ನು ಹೊರಗಿಂದ ತರಿಸಿಕೊಳ್ಳುವ ಸ್ಥಿತಿಗೆ ಬಂತು. ವೈರು ಮಾಡುವವರ ಕೈಗೆ ಅದು 8 ಮಿಲಿಮೀಟರ್ ದಪ್ಪದ ಸರಳಿನ ಸುರುಳಿಯಾಗಿ ಬರುತ್ತದೆ. ಅದನ್ನು ಒಂದಕ್ಕಿಂತ ಒಂದು ಕಿರಿದಾದ ಅಚ್ಚುಗಳಲ್ಲಿ ಎಳೆದು ಎಳೆದು 0.2 ಮಿಲಿಮೀಟರಿಗೆ ಇಳಿಸುತ್ತಾರೆ. ಅಡ್ಡಗಾತ್ರ 1600ರಲ್ಲಿ ಒಂದು ಭಾಗವಾಗುವುದರಿಂದ ಉದ್ದ 1600 ಪಟ್ಟು ಹಿಗ್ಗುತ್ತದೆ. ಅರ್ಧ ಕಿಲೋಗಿಂತ ಕಡಿಮೆ ತೂಗುವ ಒಂದು ಮೀಟರ್ ಸರಳು ಒಂದೂವರೆ ಕಿಲೋಮೀಟರಿಗೂ ಉದ್ದದ ಎಳೆಯಾಗುತ್ತದೆ. ಎಳೆತದಲ್ಲಿ ತಾಮ್ರ ಗಡುಸಾಗಿಬಿಡುತ್ತದೆ, ಮತ್ತೆ ಕಾಯಿಸಿ ಮೆತ್ತಗೆ ಮಾಡುತ್ತಾರೆ. ಮೆತ್ತಗಾದ ಎಳೆಗಳನ್ನು ಹುರಿಗೊಳಿಸಿದರೆ ವೈರು.

ಒಂಟಿ ದಪ್ಪ ತಂತಿಯ ಬದಲು ಹಲವು ಎಳೆ ಏಕೆಂದರೆ, ಮುಚ್ಚಳ ತೆಗೆದು ಹಾಕುವಾಗ, ಮೋಟರು ಅದುರುವಾಗ ವೈರು ಬಾಗುತ್ತಲೇ ಇರುತ್ತದೆ. ಸಣ್ಣ ಎಳೆ ಬಾಗಿದರೂ ಅದರ ಮೈ ಹೆಚ್ಚು ಹಿಗ್ಗುವುದಿಲ್ಲ, ಬೇಗ ದಣಿಯುವುದಿಲ್ಲ. ಹಳೆಯ ಮೆಕ್ಯಾನಿಕ್‌ಗಳು ಇವತ್ತೂ 14/36, 23/36, 40/36 ಎಂದೇ ವೈರು ಕೇಳುತ್ತಾರೆ. ಮೊದಲನೆಯದು ಎಳೆಗಳ ಸಂಖ್ಯೆ, ಎರಡನೆಯದು ಬ್ರಿಟಿಷರ ಕಾಲದ ಗೇಜು. ಮೂವತ್ತಾರನೇ ಗೇಜೆಂದರೆ ಹೆಚ್ಚುಕಡಿಮೆ ಅದೇ 0.2 ಮಿಲಿಮೀಟರು. ಹೊಸ ಹುಡುಗರು ಚದರ ಮಿಲಿಮೀಟರಿನ ಲೆಕ್ಕ ಹೇಳುತ್ತಾರೆ: ಅರ್ಧ, ಮುಕ್ಕಾಲು, ಒಂದು, ಒಂದೂವರೆ, ಎರಡೂವರೆ. ಒಂದೇ ಅಂಗಡಿಯ ಕೌಂಟರಿನಲ್ಲಿ ಎರಡು ಕಾಲದ ಅಳತೆಗಳು ಜಗಳವಿಲ್ಲದೆ ವ್ಯಾಪಾರವಾಗುತ್ತವೆ.

ಹೊದಿಕೆಯ ಆಯಸ್ಸು

ತಾಮ್ರಕ್ಕೆ ವಯಸ್ಸಾಗುವುದು ಅಪರೂಪ. ಹೊದಿಕೆಗೆ ಆಗುತ್ತದೆ. ಈ ವೈರಿನ ಬಗ್ಗೆ ನನಗಿರುವ ಮುಖ್ಯ ತಕರಾರು ಇಲ್ಲೇ: ನಾವು ತಾಮ್ರಕ್ಕೆ ದುಡ್ಡು ಕೊಡುತ್ತೇವೆ, ತಾಮ್ರವನ್ನೇ ಪರೀಕ್ಷಿಸುತ್ತೇವೆ, ಕೆಟ್ಟರೆ ತಾಮ್ರವನ್ನೇ ಗುಜರಿಗೆ ತೂಗಿ ಮಾರುತ್ತೇವೆ. ವೈರಿನ ಗುಣ ಇರುವುದು ಅದರ ಹೊದಿಕೆಯಲ್ಲಿ, ಅದರ ಎರಡು ತುದಿಗಳಲ್ಲಿ.

ಮೊದಲು ಹತ್ತಿಯ ನೂಲು ಸುತ್ತುತ್ತಿದ್ದರು. ಆಮೇಲೆ ಗಂಧಕ ಬೆರೆಸಿ ಹದಮಾಡಿದ ರಬ್ಬರು ಬಂತು. ಗಂಧಕ ತಾಮ್ರವನ್ನು ತಿನ್ನುತ್ತದೆಂದು ತಾಮ್ರಕ್ಕೆ ತವರದ ಕಲಾಯಿ ಮಾಡುವ ರೂಢಿ ಆಗ ಹುಟ್ಟಿತು. ಪಾತ್ರೆಗೆ ಕಲಾಯಿ ಹಾಕುವ ಊರಿಗೆ ಇದು ಹೊಸ ವಿದ್ಯೆ ಅನಿಸಲಾರದು. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೋ ಸೆಮನ್ ಗಡುಸು ಪಿವಿಸಿಗೆ ಎಣ್ಣೆಯಂಥ ದ್ರವ ಬೆರೆಸಿ ಅದನ್ನು ಬಾಗುವ ವಸ್ತುವಾಗಿಸಿದ. ನಮ್ಮ ಸ್ಟಾರ್ಟರ್ ಡಬ್ಬಿಯ ವೈರಿನ ಹೊದಿಕೆ ಆ ವಸ್ತುವಿನ ಮೊಮ್ಮಗ. ಅಗ್ಗ, ಸುಲಭವಾಗಿ ಬಣ್ಣ ಹಿಡಿಯುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ. ದೋಷ ಅದನ್ನು ಮೆತ್ತಗಾಗಿಸಿದ ಆ ದ್ರವದಲ್ಲೇ ಇದೆ. ಶಾಖಕ್ಕೆ ದ್ರವ ನಿಧಾನವಾಗಿ ಆರಿಹೋಗುತ್ತದೆ, ಪ್ಲಾಸ್ಟಿಕ್ಕು ತನ್ನ ಮೂಲ ಗಡುಸಿಗೆ ಮರಳುತ್ತದೆ, ಬಾಗಿಸಿದ ಕಡೆ ಚಟ್ಟನೆ ಬಿರಿಯುತ್ತದೆ. ಹಳೆಯ ಮನೆಗಳ ಸ್ವಿಚ್ ಬೋರ್ಡಿನಲ್ಲಿ ವೈರಿನ ತುದಿಯಿಂದ ಹಸಿರು ಅಂಟು ಜಿನುಗುವುದನ್ನು ಕಂಡವರಿರಬಹುದು. ಅದೂ ಇದೇ ದ್ರವ, ತಾಮ್ರದ ಜೊತೆ ಸೇರಿ ಹಸಿರಾದದ್ದು.

ನಮ್ಮ ದೇಶದ ಐಎಸ್ 694 ಮಾನದಂಡದ ಸಾಮಾನ್ಯ ಪಿವಿಸಿ ವೈರಿಗೆ 70 ಡಿಗ್ರಿ ಸೆಲ್ಸಿಯಸ್ ಮಿತಿ. ಶಾಖ ತಡೆಯುವ ದರ್ಜೆಯ ಪಿವಿಸಿಗೆ 85. ಈ 70 ಡಿಗ್ರಿಯನ್ನು ಜನ ತಪ್ಪಾಗಿ ತಿಳಿಯುತ್ತಾರೆ. ಅದು ಹೊರಗಿನ ಬಿಸಿಲಿನ ಲೆಕ್ಕವಲ್ಲ, ತಾಮ್ರದ ಮೈಯ ಲೆಕ್ಕ. ಏಪ್ರಿಲ್ ಬಿಸಿಲಿಗೆ ಮುಖಕೊಟ್ಟ ತಗಡಿನ ಡಬ್ಬಿಯ ಶಾಖ, ಕಾಯಿಲಿನ ಶಾಖ, ಪಕ್ಕದ ವೈರುಗಳ ಶಾಖ, ತನ್ನದೇ ಕರೆಂಟಿನ ಶಾಖ, ಎಲ್ಲ ಕೂಡಿ 70 ದಾಟಬಾರದು. ದಾಟಿದರೆ ಒಡನೆ ಏನೂ ಆಗುವುದಿಲ್ಲ, ಆಯಸ್ಸು ಕರಗುತ್ತದೆ ಅಷ್ಟೆ. ಶಾಖ ಎಂಟು ಹತ್ತು ಡಿಗ್ರಿ ಏರಿದರೆ ಹೊದಿಕೆಯ ಬಾಳಿಕೆ ಅರ್ಧಕ್ಕೆ ಇಳಿಯುತ್ತದೆಂಬುದು ಎಂಜಿನಿಯರುಗಳ ಅಂದಾಜು ಸೂತ್ರ. ಸ್ಟಾರ್ಟರ್ ಡಬ್ಬಿಯನ್ನು ಬಯಲಲ್ಲಿ ಕಲ್ಲುಕಂಬಕ್ಕೆ ಕಟ್ಟುವ ಬದಲು ಪಂಪ್‌ಹೌಸಿನ ನೆರಳಿನ ಗೋಡೆಗೆ ಹಾಕಿದರೆ ಒಂದು ಪೈಸೆ ಖರ್ಚಿಲ್ಲದೆ ವೈರಿನ ವಯಸ್ಸು ಹೆಚ್ಚುತ್ತದೆ.

ಹೊದಿಕೆಯ ದಪ್ಪದ ಬಗ್ಗೆಯೂ ಒಂದು ಮಾತು. ಅರ್ಧದಿಂದ ಒಂದು ಚದರ ಮಿಲಿಮೀಟರಿನ ಉಪಕರಣದ ವೈರಿಗೆ ಅಂತರರಾಷ್ಟ್ರೀಯ ಮಾನದಂಡ ಕೇಳುವುದು 0.6 ಮಿಲಿಮೀಟರ್ ಪಿವಿಸಿ. 415 ವೋಲ್ಟು ತಡೆಯಲು ಹೊಸ ಪಿವಿಸಿ ಅದರ ಸಣ್ಣ ಪಾಲಿದ್ದರೂ ಸಾಕು. ಉಳಿದ ದಪ್ಪ ಇರುವುದು ತಗಡಿನ ಅಂಚಿಗೆ ಉಜ್ಜುವುದಕ್ಕೆ, ಮುಪ್ಪಿಗೆ, ಬಿಗಿದ ಕ್ಲಿಪ್ಪಿಗೆ. ಇಲಿಗೆ ಮಾತ್ರ ಯಾವ ದಪ್ಪವೂ ಸಾಲದು. ಅದರ ಬಾಚಿಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಸವೆಸಲು ಏನಾದರೂ ಕಡಿಯಲೇಬೇಕು. ಡಬ್ಬಿಯ ಕೆಳಗೆ ಕೇಬಲ್ ಬರುವ ತೂತಿಗೆ ಗ್ಲ್ಯಾಂಡ್ ಹಾಕದೆ ಬಿಟ್ಟರೆ ಇಲಿ, ಹಲ್ಲಿ, ಇರುವೆ ಮೂರಕ್ಕೂ ಮನೆ ಸಿಕ್ಕಂತೆ. ಕಂಟ್ಯಾಕ್ಟುಗಳ ನಡುವೆ ಅರೆದುಹೋದ ಇರುವೆಗಳ ಕಪ್ಪು ಹಿಟ್ಟನ್ನು ಒರೆಸಿ ತೆಗೆಯುವುದು ಮೆಕ್ಯಾನಿಕ್‌ಗಳ ನಿತ್ಯದ ಕೆಲಸ.

ಶಾಖ ಇನ್ನೂ ಹೆಚ್ಚಿರುವ ಕಡೆ ಪಿವಿಸಿ ಕೆಲಸಕ್ಕೆ ಬಾರದು. ಇಸ್ತ್ರಿ ಪೆಟ್ಟಿಗೆ, ಗೀಸರ್, ಟೋಸ್ಟರ್ ಬಿಚ್ಚಿದರೆ ಒಳಗೆ ಸಿಲಿಕಾನ್ ರಬ್ಬರಿನ ವೈರು ಅಥವಾ ಗಾಜಿನ ನೂಲಿನ ಬಿಳಿ ಕೊಳವೆ ತೊಡಿಸಿದ ವೈರು ಇರುತ್ತದೆ. ಸಿಲಿಕಾನ್ 180 ಡಿಗ್ರಿವರೆಗೆ ತಡೆಯುತ್ತದೆ. ರಿಪೇರಿಗೆ ಹೋದ ಗೀಸರಿಗೆ ಕೈಗೆ ಸಿಕ್ಕ ಮನೆ ವೈರಿಂಗಿನ ತುಂಡು ಜೋಡಿಸಿ ಕಳಿಸುವುದುಂಟು. ಕೆಲಸ ಮಾಡುತ್ತದೆ, ಕೆಲವು ತಿಂಗಳು. ಅಂಥ ರಿಪೇರಿ ಕಂಡರೆ ವಾಪಸು ಕೊಟ್ಟು ಸರಿಯಾದ ವೈರು ಹಾಕಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಮೂವತ್ತು ಕಿಲೋಮೀಟರ್ ಆಚೆ

ಅರಕಲಗೂಡಿನಿಂದ ಹಾಸನ 30 ಕಿಲೋಮೀಟರ್ ಆಸುಪಾಸು. ಅಲ್ಲಿ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಎಂಸಿಎಫ್ ಇದೆ. 36,000 ಕಿಲೋಮೀಟರ್ ಎತ್ತರದಲ್ಲಿ ನಿಂತ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ಅದು. ಆ ದೊಡ್ಡ ಬಟ್ಟಲಿನಂಥ ಆಂಟೆನಾಗಳನ್ನು ನೋಡಿದ ಅರಕಲಗೂಡಿನವರಿಗೆ ಉಪಗ್ರಹದ ಒಳಗೂ ತಮ್ಮ ಸ್ಟಾರ್ಟರ್ ವೈರಿನ ಬಂಧುವೇ ಇದೆ ಎಂದರೆ ನಗು ಬಂದೀತು. ಆದರೆ ಇದೆ. ಬ್ಯಾಟರಿ, ಸೋಲಾರ್ ಫಲಕ, ಟ್ರಾನ್ಸ್‌ಪಾಂಡರುಗಳನ್ನು ಒಂದಕ್ಕೊಂದು ಜೋಡಿಸುವುದು ಹುರಿಗೊಳಿಸಿದ ತಾಮ್ರದ ಎಳೆಗಳ ವೈರೇ. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಸ್ಟಾರ್ಟರ್, ಪ್ಯಾನೆಲ್ ಕಟ್ಟುವ ಎಷ್ಟೋ ಸಣ್ಣ ಕಾರ್ಖಾನೆಗಳು ಇವತ್ತೂ ಇರುವುದು ಅದೇ ಪೀಣ್ಯದಲ್ಲಿ.

ವ್ಯತ್ಯಾಸವೆಲ್ಲ ಹೊದಿಕೆಯದು. ಉಪಗ್ರಹದಲ್ಲಿ ಪಿವಿಸಿಗೆ ಪ್ರವೇಶವಿಲ್ಲ. ನಮ್ಮ ಡಬ್ಬಿಯಲ್ಲಿ ವರ್ಷಗಟ್ಟಲೆ ಮೆಲ್ಲಗೆ ಆರುವ ಆ ದ್ರವ ನಿರ್ವಾತದಲ್ಲಿ ಬೇಗ ಹೊರಬಿದ್ದು, ತಣ್ಣಗಿನ ಮಸೂರದ ಮೇಲೋ ಕನ್ನಡಿಯ ಮೇಲೋ ಮಂಜಿನಂತೆ ಕೂರುತ್ತದೆ. ಹಾಗಾಗಿ ಬಾಹ್ಯಾಕಾಶಕ್ಕೆ ಹೋಗುವ ವಸ್ತುವನ್ನು ನಿರ್ವಾತದಲ್ಲಿ 125 ಡಿಗ್ರಿಯಲ್ಲಿ 24 ಗಂಟೆ ಕಾಯಿಸಿ ತೂಗುತ್ತಾರೆ. ಶೇ 1ಕ್ಕಿಂತ ಹೆಚ್ಚು ತೂಕ ಕಳೆದುಕೊಂಡರೆ ಸಾಮಾನ್ಯವಾಗಿ ತಿರಸ್ಕಾರ. ಅಲ್ಲಿ ಬಳಸುವುದು ಬೆಳ್ಳಿ ಲೇಪಿಸಿದ ತಾಮ್ರಕ್ಕೆ ಟೆಫ್ಲಾನ್ ಜಾತಿಯ ಅಥವಾ ಪಾಲಿಇಮೈಡ್ ಹೊದಿಕೆ. ಟೆಫ್ಲಾನ್ 1938ರಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್‌ಗೆ ಆಕಸ್ಮಿಕವಾಗಿ ಸಿಕ್ಕ ವಸ್ತು, 260 ಡಿಗ್ರಿಗೂ ಅಂಜುವುದಿಲ್ಲ.

ಆದರೂ ಅದಕ್ಕೂ ಮಿತಿಯುಂಟು. 1970ರ ಏಪ್ರಿಲ್‌ನಲ್ಲಿ ಚಂದ್ರನತ್ತ ಹೊರಟ ಅಪೋಲೋ 13ರ ಆಮ್ಲಜನಕದ ತೊಟ್ಟಿ ಸಿಡಿಯಿತು. ತನಿಖೆಯಲ್ಲಿ ಗೊತ್ತಾದ ಕಥೆಯನ್ನು ಯಾವುದೇ ವೈಂಡಿಂಗ್ ಅಂಗಡಿಯಲ್ಲಿ ಹೇಳಿದರೂ ತಲೆದೂಗಿಯಾರು. ತೊಟ್ಟಿಯ ಹೀಟರನ್ನು ಆರಿಸುವ ಥರ್ಮೋಸ್ಟಾಟ್ ಸ್ವಿಚ್ಚು 28 ವೋಲ್ಟಿಗೆ ಮಾಡಿದ್ದು. ಉಡಾವಣೆಗೆ ಮೊದಲು ನೆಲದ ಮೇಲೆ ಪರೀಕ್ಷೆ ಮಾಡುವಾಗ ಅದಕ್ಕೆ 65 ವೋಲ್ಟು ಕೊಟ್ಟರು. ತೆರೆಯಲು ಹೋದ ಸ್ವಿಚ್ಚಿನ ಕಂಟ್ಯಾಕ್ಟು ಕಿಡಿಗೆ ಬೆಸೆದುಕೊಂಡಿತು. ಹೀಟರು ಗಂಟೆಗಟ್ಟಲೆ ಆರಲಿಲ್ಲ. ಒಳಗಿನ ಫ್ಯಾನಿನ ಮೋಟರಿಗೆ ಹೋಗುವ ವೈರಿನ ಟೆಫ್ಲಾನ್ ಸುಟ್ಟು ಸೀಳಿತು. ಶಾಖ ತೋರಿಸುವ ಮೀಟರಿನ ಮುಳ್ಳು ಇಷ್ಟಕ್ಕಿಂತ ಮೇಲೆ ಹೋಗದಂತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ದಿನಗಳು ಕಳೆದ ಮೇಲೆ, ಭೂಮಿಯಿಂದ ಮೂರು ಲಕ್ಷ ಕಿಲೋಮೀಟರಿಗೂ ದೂರದಲ್ಲಿ, ಫ್ಯಾನು ಹಾಕಿದಾಗ ಆ ಬತ್ತಲಾದ ವೈರಿನಲ್ಲಿ ಕಿಡಿ ಹಾರಿತು. ಮೂವರು ಯಾತ್ರಿಕರು ಬದುಕಿ ಬಂದರು. ಬೆಸೆದುಕೊಂಡ ಕಂಟ್ಯಾಕ್ಟು, ಆರದ ಶಾಖ, ಸುಟ್ಟ ಹೊದಿಕೆ, ಏನೂ ತೋರಿಸದ ಮೀಟರು: ರಾಮನಾಥಪುರದ ಪಂಪ್‌ಹೌಸಿನಲ್ಲಿ ನಡೆಯುವುದೂ ಇದೇ ಕ್ರಮದಲ್ಲಿ.

ತುದಿಯ ವಿಷಯದಲ್ಲೂ ಉಪಗ್ರಹ ಕಟ್ಟುವವರಿಂದ ಕಲಿಯುವುದಿದೆ. ಅವರು ಹೊದಿಕೆ ಬಿಚ್ಚುವುದಕ್ಕೆ ಆಯಾ ವೈರಿನ ಗಾತ್ರಕ್ಕೇ ಮಾಡಿದ ಉಪಕರಣ ಬಳಸುತ್ತಾರೆ, ಎಳೆಗಳಿಗೆ ಗೀರು ಬಿದ್ದರೆ ತುಂಡನ್ನೇ ಬಿಸಾಡುತ್ತಾರೆ. ನಮ್ಮಲ್ಲಿ ಹಲ್ಲಿನಿಂದ ಕಚ್ಚಿ ಬಿಚ್ಚುವ ವಿದ್ಯೆ ಇನ್ನೂ ಬಳಕೆಯಲ್ಲಿದೆ. ಮೂವತ್ತೆರಡು ಎಳೆಯಲ್ಲಿ ಐದಾರು ಹಲ್ಲಿಗೇ ಹೋಗುತ್ತವೆ, ಉಳಿದದ್ದರಲ್ಲಿ ಎರಡು ಸ್ಕ್ರೂವಿನ ಹೊರಗೆ ಮೀಸೆಯಂತೆ ನಿಲ್ಲುತ್ತವೆ. ಆ ಮೀಸೆ ಪಕ್ಕದ ಫೇಸಿಗೆ ಮುಟ್ಟಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಇನ್ನು ಕೆಲವರು ಎಳೆಗಳು ಚೆದುರದಿರಲೆಂದು ತುದಿಗೆ ಸೀಸ ಹಚ್ಚಿ ಸ್ಕ್ರೂ ಬಿಗಿಯುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಸೀಸದ ಬೆಸುಗೆ ಒತ್ತಡಕ್ಕೆ ಅಲ್ಯೂಮಿನಿಯಮ್ಮಿಗಿಂತ ಬೇಗ ಹರಿದು ಸಡಿಲವಾಗುತ್ತದೆ. ಸರಿಯಾದ ದಾರಿ ಪಿನ್ ಲಗ್ ಎಂಬ ಲೋಹದ ತೊಡಿಕೆ ತೊಡಿಸಿ ಕ್ರಿಂಪಿಂಗ್ ಇಕ್ಕಳದಿಂದ ಒತ್ತುವುದು. ಲಗ್‌ನ ಬೆಲೆ ಹೇಳುವಷ್ಟಿಲ್ಲ. ಇಕ್ಕಳ ಕೊಳ್ಳಲು ಮಾತ್ರ ಸಣ್ಣ ಮೆಕ್ಯಾನಿಕ್ ಹಿಂದೆಮುಂದೆ ನೋಡುತ್ತಾನೆ, ಸಾದಾ ಕಟಿಂಗ್ ಪ್ಲೈಯರಿನಲ್ಲೇ ಜಜ್ಜುತ್ತಾನೆ. ಜಜ್ಜಿದ್ದು ಹಿಡಿಯುವುದಿಲ್ಲ.

ಕೌಂಟರಿನ ಮುಂದೆ

ತಾಮ್ರದ ಬೆಲೆ ಏರಿದಾಗಲೆಲ್ಲ ಮಾರುಕಟ್ಟೆಗೆ ಒಂದು ಮಾಯಾವಿ ವೈರು ಬರುತ್ತದೆ: ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಪದರ. ಕತ್ತರಿಸಿ ನೋಡಿದರೂ ಬಣ್ಣ ಮೋಸ ಮಾಡುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದರೆ ಬಿಳಿ ಕಾಣುತ್ತದೆ. ಬೆಂಕಿಕಡ್ಡಿ ಬೇಡ, ಗ್ಯಾಸ್ ಒಲೆಯ ಜ್ವಾಲೆಗೆ ಹಿಡಿದರೆ ಅಲ್ಯೂಮಿನಿಯಂ ಎಳೆ ಕರಗಿ ಮುದುರುತ್ತದೆ. ಅದು ಕರಗುವುದು 660 ಡಿಗ್ರಿಗೆ. ತಾಮ್ರಕ್ಕೆ 1085 ಬೇಕು, ಅದು ಕೆಂಪಾಗಿ ನಿಲ್ಲುತ್ತದೆ. ಎಲ್ಲಕ್ಕಿಂತ ಸುಲಭದ್ದು ತಕ್ಕಡಿ. ಒಂದು ಚದರ ಮಿಲಿಮೀಟರಿನ ವೈರಿನ ಒಂದು ಮೀಟರಿನಲ್ಲಿ ಸುಮಾರು 9 ಗ್ರಾಂ ತಾಮ್ರವಿರಬೇಕು. ಹಾಗಾದರೆ 90 ಮೀಟರಿನ ಕಾಯಿಲಿನಲ್ಲಿ ಮುಕ್ಕಾಲು ಕಿಲೋ ಮೇಲಾಯಿತು, ಹೊದಿಕೆಯ ತೂಕ ಬೇರೆ. ಕೈಯಲ್ಲಿ ಎತ್ತಿದರೆ ಹತ್ತಿಯಂತಿರುವ ಕಾಯಿಲನ್ನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಅದು ದುಬಾರಿಯೇ.

ಹೊದಿಕೆಯ ಪರೀಕ್ಷೆ ಬೆರಳಿನದು. ವೈರನ್ನು ಮಡಿಸಿ ಹಿಂಡಿ. ಮಡಿಕೆಯಲ್ಲಿ ಬಿಳಿ ಗೆರೆ ಮೂಡಿದರೆ ಪಿವಿಸಿಯಲ್ಲಿ ಸುಣ್ಣದ ಪುಡಿ ಜಾಸ್ತಿ ತುಂಬಿದ್ದಾರೆಂದು ಅನುಮಾನ ಪಡಬಹುದು. ವೈರಿನ ಮೈಮೇಲೆ ಐಎಸ್‌ಐ ಗುರುತು, ಐಎಸ್ 694, ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರಿಗೆ ಕೊಟ್ಟ ಪರವಾನಗಿ, ಜೀವಂತವಿದೆಯೋ ಇಲ್ಲವೋ ಮೊಬೈಲಿನಲ್ಲೇ ಕಾಣುತ್ತದೆ. ಅಂಗಡಿಯವರ ಎದುರಿಗೇ ನೋಡಿ. ಯಾರೂ ಬೇಜಾರು ಮಾಡಿಕೊಳ್ಳುವ ವಿಷಯವಲ್ಲ.

ಒಂದು ಕಾಲದಲ್ಲಿ ಸ್ಟಾರ್ಟರ್, ಮೋಟರು ಎಂದರೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್, 1946ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇಂಥ ದೊಡ್ಡ ಹೆಸರುಗಳೇ. ಎನ್‌ಜಿಇಎಫ್ ಈ ಶತಮಾನದ ಆರಂಭದಲ್ಲೇ ಬಾಗಿಲು ಹಾಕಿತು. ಈಗ ಪಟ್ಟಣದ ಪ್ಯಾನೆಲ್ ಬೋರ್ಡುಗಳು ಬಹುಪಾಲು ಸ್ಥಳೀಯವಾಗಿ ಕಟ್ಟಿದವು. ಕಂಟ್ಯಾಕ್ಟರ್ ಒಂದು ಕಂಪನಿಯದು, ರಿಲೇ ಇನ್ನೊಂದರದು, ಡಬ್ಬಿ ಮತ್ತೊಂದರದು. ಒಳಗಿನ ವೈರು ಮಾತ್ರ ಕಟ್ಟುವವನ ಸ್ವಂತ ಆಯ್ಕೆ. ಇದನ್ನು ನಾನು ಅವಗುಣವೆಂದು ಹೇಳುತ್ತಿಲ್ಲ. ಎದುರಿಗೇ ಕೂತು ಕಟ್ಟುವವನ ಹತ್ತಿರ "ಶಾಖ ತಡೆಯೋ ವೈರು ಹಾಕಣ್ಣ, ಎಲ್ಲಾ ತುದೀಗೂ ಲಗ್ ಹೊಡಿ" ಎಂದು ಕೇಳಿ ಹಾಕಿಸಿಕೊಳ್ಳುವ ಅವಕಾಶ ದೊಡ್ಡ ಕಂಪನಿಯ ಡಬ್ಬಿ ಕೊಂಡವನಿಗೆ ಇರಲಿಲ್ಲ.

ಈಚೆಗೆ ಆ ಡಬ್ಬಿಗೆ ಹೊಸ ಬಾಡಿಗೆದಾರ ಬಂದಿದ್ದಾನೆ. ಮೊಬೈಲ್ ಸ್ಟಾರ್ಟರ್. ಮನೆಯಿಂದ ಒಂದು ಮಿಸ್ ಕಾಲ್ ಕೊಟ್ಟರೆ ತೋಟದ ಮೋಟರು ಶುರುವಾಗುತ್ತದೆ. ರಾತ್ರಿ ಕತ್ತಲಲ್ಲಿ ಹಾವು, ಆನೆಗೆ ಹೆದರಿ ಹೋಗುವುದು ತಪ್ಪಿದೆ, ಒಳ್ಳೆಯದೇ. ಆದರೆ ಆ ಸರ್ಕಿಟ್ಟು ಹನ್ನೆರಡು ವೋಲ್ಟಿನದು. ಅದರಿಂದ ಹೊರಡುವ ಸಣ್ಣ ವೈರುಗಳಲ್ಲಿ ಹಲವು ರೇಡಿಯೋ, ಚಾರ್ಜರುಗಳ ಒಳಗೆ ಬಳಸುವ ಜಾತಿಯವು. ವಿದೇಶಿ ಮಾನದಂಡದಲ್ಲಿ ಇಂಥ ಮಾಮೂಲಿ ವೈರಿನ ಮೈಮೇಲೆ 300 ವೋಲ್ಟ್, 80 ಡಿಗ್ರಿ ಎಂದು ಅಚ್ಚಾಗಿರುತ್ತದೆ. ಪಕ್ಕದಲ್ಲೇ ಹಾಯುವುದು 415 ವೋಲ್ಟು. ಎರಡನ್ನೂ ಸೇರಿಸಿ ಒಂದೇ ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದು ಕಟ್ಟುವುದೇ ಈಗಿನ ಅಚ್ಚುಕಟ್ಟು. 600 ವೋಲ್ಟ್, 105 ಡಿಗ್ರಿಯ ದರ್ಜೆಯೂ ಸಿಗುತ್ತದೆ, ನೋಡಲು ಸ್ವಲ್ಪ ದಪ್ಪ. ಅದು ಸಿಗದಿದ್ದರೆ ಸಣ್ಣ ವೈರುಗಳನ್ನು ಬೇರೆ ದಾರಿಯಲ್ಲಿ ಒಯ್ದು, ದಾಟಲೇಬೇಕಾದ ಕಡೆ ಮೇಲೊಂದು ಸ್ಲೀವ್ ಏರಿಸಬೇಕು. ಸ್ಲೀವ್ ವೈಂಡಿಂಗ್ ಅಂಗಡಿಯಲ್ಲೇ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.